ಫುಲ್ ಎ ಪ್ಲಸ್ ಇದ್ದರೂ ಸೀಟು ಯಾಕೆ ಸಿಗಲಿಲ್ಲ?

ಮೇ ತಿಂಗಳಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಲ್ಲಿ ಹೋದರೂ ಫ್ಲೆಕ್ಸ್ ಕಾಣುತ್ತದೆ. ಹತ್ತನೆಯ ತರಗತಿಯ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದ ಮಕ್ಕಳ ಫೋಟೋ, ಕೆಳಗೆ ಊರಿನ ಕ್ಲಬ್ಬಿನ ಅಭಿನಂದನೆ. ಆ ಫ್ಲೆಕ್ಸ್ ಇಳಿಸುವ ಮೊದಲೇ ಅದೇ ಮಗುವಿನ ಮನೆಯಲ್ಲಿ ಬೇರೆ ಮಾತು ಶುರುವಾಗಿರುತ್ತದೆ. ಫುಲ್ ಎ ಪ್ಲಸ್ ಇದ್ದೂ ಬೇಕಾದ ಶಾಲೆಯಲ್ಲಿ ಸಯನ್ಸ್ ಸಿಗಲಿಲ್ಲವಂತೆ. ಎರಡು ವರ್ಷ ಕಳೆದರೆ ಮತ್ತೆ ಅದೇ ಮಾತು, ಈ ಸಲ ಮೆಡಿಕಲ್, ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳಾದ ನೀಟ್, ಕೀಮ್, ಜೆಇಇ ಹೆಸರಿನಲ್ಲಿ. ಶಾಲೆಗೇ ಮೊದಲು ಬಂದ ಹುಡುಗಿ ರ‍್ಯಾಂಕ್ ಪಟ್ಟಿಯಲ್ಲಿ ಎಲ್ಲೋ ಸಾವಿರಗಳ ಹಿಂದೆ ನಿಂತಿರುತ್ತಾಳೆ.

ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಪ್ರತಿ ವರ್ಷ ಈ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳೂ ಅವರ ತಂದೆ ತಾಯಿಯರೂ ಹುಡುಕಿಕೊಂಡು ಬರುತ್ತಾರೆ. ಕೇಳುವುದು ಒಂದೇ: ಎಲ್ಲಿ ಕಡಿಮೆ ಆಯಿತು, ಮಾಸ್ಟ್ರೇ? ಕೇಳುವಾಗಲೇ ಮಗುವಿನಲ್ಲಿ ಏನೋ ಕೊರತೆ ಇತ್ತು ಎಂದು ಅರ್ಧ ಒಪ್ಪಿಕೊಂಡಿರುತ್ತಾರೆ. ಆದರೆ ಚೆನ್ನಾಗಿ ಓದುವ ಮಕ್ಕಳ ವಿಷಯದಲ್ಲಿ ಉತ್ತರ ಹೆಚ್ಚಿನ ಸಲ ಸೀಟು ಹಂಚುವ ಲೆಕ್ಕದಲ್ಲಿ ಇರುತ್ತದೆ. ಆ ಲೆಕ್ಕವನ್ನು ಯಾರೂ ಕೂತು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಮನೆಯವರು ತಪ್ಪನ್ನು ಮಗುವಿನ ಮೇಲೆ ಹಾಕುತ್ತಾರೆ, ಮಗು ತನ್ನ ಮೇಲೆಯೇ ಹಾಕಿಕೊಳ್ಳುತ್ತದೆ. ಇಲ್ಲಿ ಆ ಲೆಕ್ಕವನ್ನು ಬಿಡಿಸಿ ಇಡುತ್ತೇನೆ.

ಮೇಲಿನ ತುದಿಯಲ್ಲಿ ಜನ ಜಾಸ್ತಿ

ಮೊದಲು ಹತ್ತನೆಯ ತರಗತಿಯನ್ನೇ ನೋಡೋಣ. ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ 90 ತೆಗೆದರೂ ಎ ಪ್ಲಸ್, 100 ತೆಗೆದರೂ ಎ ಪ್ಲಸ್. ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿಯ, ಒಂದೇ ಅರ್ಜಿಯ ಏಕಜಾಲಕ ಪ್ರವೇಶಕ್ಕೆ ಲೆಕ್ಕ ಹಿಡಿಯುವುದು ಗ್ರೇಡನ್ನು. ಅಂದರೆ 91 ತೆಗೆದ ಮಗುವೂ 99 ತೆಗೆದ ಮಗುವೂ ಅಲ್ಲಿ ಒಂದೇ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. 2020ರಲ್ಲಿ ರಾಜ್ಯದಲ್ಲಿ 41,906 ಮಕ್ಕಳಿಗೆ ಫುಲ್ ಎ ಪ್ಲಸ್ ಬಂದಿತ್ತು. ಕೋವಿಡ್ ಕಾಲದ 2021ರಲ್ಲಿ ಅದು 1,21,318ಕ್ಕೆ ಏರಿತು. ಒಂದೇ ವರ್ಷದಲ್ಲಿ ಸುಮಾರು ಮೂರು ಪಟ್ಟು. ಒಳ್ಳೆಯ ಹೆಸರಿರುವ ಶಾಲೆಗಳ ಸಯನ್ಸ್ ಬ್ಯಾಚುಗಳು ಮೂರು ಪಟ್ಟು ಆಗಲಿಲ್ಲವಲ್ಲ. ಆ ವರ್ಷ ಫುಲ್ ಎ ಪ್ಲಸ್ ಇದ್ದವರೇ ಬೇಕಾದ ಕಡೆ ಸೀಟಿಲ್ಲದೆ ಸೀಟು ಹಂಚಿಕೆಯ ಎರಡನೆಯ, ಮೂರನೆಯ ಸುತ್ತಿಗೆ, ಅಂದರೆ ಅಲಾಟ್‌ಮೆಂಟಿಗೆ, ಕಾದರು.

ಎಲ್ಲರ ಗ್ರೇಡೂ ಒಂದೇ ಆದಾಗ ಪಟ್ಟಿಯಲ್ಲಿ ಹಿಂದೆ ಮುಂದೆ ಮಾಡುವುದು ಯಾವುದು? ಮಗು ಹತ್ತನೆಯವರೆಗೆ ಅದೇ ಶಾಲೆಯಲ್ಲಿ ಓದಿದೆಯಾ, ಮನೆ ಅದೇ ಪಂಚಾಯತಿನಲ್ಲಿದೆಯಾ, ಅದೇ ತಾಲೂಕಿನಲ್ಲಿದೆಯಾ ಎಂಬಂಥ ಸಂಗತಿಗಳಿಗೆ ಬೋನಸ್ ಪಾಯಿಂಟ್ ಇದೆ. ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಹತ್ತಿರದ ಮಗುವಿಗೆ ಹತ್ತಿರದ ಶಾಲೆ ಸಿಗಲಿ ಎಂಬುದು ನ್ಯಾಯವೇ. ಆದರೆ ಎಣ್ಮಕಜೆಯ ಮಗುವಿಗೆ ಕಾಸರಗೋಡು ಪೇಟೆಯ ಶಾಲೆ ತಪ್ಪಿ ಹೋದರೆ, ಅದರಲ್ಲಿ ಆ ಮಗುವಿನ ಓದಿನ ಬಗ್ಗೆ ಒಂದು ಅಕ್ಷರವೂ ಬರೆದಿಲ್ಲ. ಅದು ಮನೆ ಎಲ್ಲಿದೆ ಎನ್ನುವುದರ ಲೆಕ್ಕ.

ಅಡಿಕೆ ಬೆಳೆಯುವ ಮನೆಗಳಲ್ಲಿ ಇದನ್ನು ವಿವರಿಸುವುದು ಸುಲಭ. ಸುಲಿದ ಅಡಿಕೆಯಲ್ಲಿ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಲ್ಲ ಬೇರೆ ಮಾಡಬಹುದು, ಕಣ್ಣಿಗೆ ಕಾಣುವ ವ್ಯತ್ಯಾಸ ಉಂಟು. ಆದರೆ ಗೋಣಿ ತುಂಬ ಒಂದನೆಯ ದರ್ಜೆಯ ಅಡಿಕೆಯೇ ಇದ್ದು, ಅದರಲ್ಲಿ ಎರಡು ಸೇರು ಮಾತ್ರ ತೆಗೆಯಿರಿ ಎಂದರೆ? ಗೋಣಿಯಲ್ಲಿ ಉಳಿದದ್ದು ಕಳಪೆ ಎಂದು ಯಾರೂ ಹೇಳುವುದಿಲ್ಲ.

ದೆಹಲಿಯಲ್ಲಿ ಇದೇ ಇನ್ನೂ ವಿಪರೀತಕ್ಕೆ ಹೋಗಿತ್ತು. ದೆಹಲಿ ವಿಶ್ವವಿದ್ಯಾಲಯ 2021ರವರೆಗೆ ಹನ್ನೆರಡನೆಯ ತರಗತಿಯ ಅಂಕದ ಮೇಲೆಯೇ ಕಟ್ ಆಫ್ ಹಾಕುತ್ತಿತ್ತು. ಆ ವರ್ಷ ಹಿಂದೂ ಕಾಲೇಜಿನ ಪೊಲಿಟಿಕಲ್ ಸಯನ್ಸ್ ಆನರ್ಸ್‌ಗೆ ಮೊದಲ ಪಟ್ಟಿಯ ಕಟ್ ಆಫ್ ನಿಂತದ್ದು ನೂರಕ್ಕೆ ನೂರಕ್ಕೆ. ಶೇಕಡ 99 ತೆಗೆದವರೂ ಹೊರಗೆ. ಅಳೆಯುವ ಕೋಲು ಕೊನೆಯಾದ ಮೇಲೆ ಅಳೆಯುವುದು ಹೇಗೆ? 2022ರಿಂದ ಅಲ್ಲಿಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬಂತು. ನಮ್ಮ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಈಗ ಆ ಪರೀಕ್ಷೆಯ ದಾರಿಯೇ.

ಒಂದು ಪ್ರಶ್ನೆ, ನಾಲ್ಕು ಲಕ್ಷ ಮಕ್ಕಳು

ಹಾಗಾದರೆ ಪ್ರವೇಶ ಪರೀಕ್ಷೆ ಇಟ್ಟರೆ ಸರಿಹೋಗುತ್ತದಲ್ಲ, ಅಲ್ವಾ? ಸ್ವಲ್ಪ ಮಟ್ಟಿಗೆ. ಪರೀಕ್ಷೆ ಕಷ್ಟದ್ದಾದರೆ ಮಕ್ಕಳು ಮೇಲೆ ಕೆಳಗೆ ಹರಡುತ್ತಾರೆ. ಆದರೆ ಬರೆಯುವವರ ಸಂಖ್ಯೆ ಎಷ್ಟು ದೊಡ್ಡದೆಂದರೆ ಗೆರೆಯ ಹತ್ತಿರ ಮತ್ತೆ ಅದೇ ನೂಕುನುಗ್ಗಲು.

2024ರ ನೀಟ್ ಬರೆದವರು 23 ಲಕ್ಷಕ್ಕೂ ಮೇಲೆ. ಅರ್ಹತೆ ಪಡೆದವರು ಸುಮಾರು 13 ಲಕ್ಷ. ಆ ವರ್ಷ ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಇದ್ದದ್ದು ಸುಮಾರು 1.1 ಲಕ್ಷ, ಅದರಲ್ಲಿ ಸರಕಾರಿ ಕಾಲೇಜಿನದು ಹೆಚ್ಚು ಕಡಿಮೆ ಅರ್ಧ. ನೀಟ್ ಪಾಸಾಗಿದೆ, ಆದರೂ ಸೀಟಿಲ್ಲ ಎಂದು ಎಷ್ಟೋ ಮನೆಗಳಲ್ಲಿ ಆಶ್ಚರ್ಯಪಡುತ್ತಾರೆ. ಅಲ್ಲಿ ಅರ್ಹತೆಯ ಗೆರೆ ಹಾಕುವುದು ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್‌ನಲ್ಲಿ, ಎಸ್‌ಸಿ, ಎಸ್‌ಟಿ, ಒಬಿಸಿ ವರ್ಗಗಳಿಗೆ 40ರಲ್ಲಿ. ಬರೆದವರಲ್ಲಿ ಮೇಲಿನ ಅರ್ಧ ಭಾಗ ತಾನಾಗಿಯೇ ಅರ್ಹವಾಗುತ್ತದೆ. ಹನ್ನೆರಡು ಜನ ಅರ್ಹರಿದ್ದರೆ ಸೀಟು ಒಂದು, ಅಷ್ಟೇ ಸಂಗತಿ. ಜೆಇಇಯಲ್ಲೂ ಹೀಗೆಯೇ. 99 ಪರ್ಸೆಂಟೈಲ್ ಎಂದರೆ ಕೇಳಲು ಭರ್ಜರಿ. ಆದರೆ 2024ರಲ್ಲಿ ಜೆಇಇ ಮೈನ್ ಬರೆದವರು 14 ಲಕ್ಷದಷ್ಟು. 99 ಪರ್ಸೆಂಟೈಲ್ ಬಂದ ಮಗುವಿನ ಮುಂದೆಯೇ 14 ಸಾವಿರ ಜನ ಇದ್ದರು.

ಇನ್ನು ಒಂದು ಪ್ರಶ್ನೆ ಎಷ್ಟು ದೂರ ತಳ್ಳಬಹುದು ಎನ್ನುವುದಕ್ಕೆ ಅದೇ ವರ್ಷದ ನೀಟ್ ಒಳ್ಳೆಯ ಉದಾಹರಣೆ. ಭೌತಶಾಸ್ತ್ರದಲ್ಲಿ ಪರಮಾಣುವಿನ ಬಗ್ಗೆ ಒಂದು ಪ್ರಶ್ನೆ ಇತ್ತು. ಎರಡು ಹೇಳಿಕೆ ಕೊಟ್ಟು, ಯಾವುದು ಸರಿ ಎಂದು ಕೇಳಿದ್ದರು. ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕದ ಪ್ರಕಾರ ಒಂದು ಉತ್ತರ, ಹೊಸ ಪುಸ್ತಕದ ಪ್ರಕಾರ ಇನ್ನೊಂದು. ಪರೀಕ್ಷೆ ನಡೆಸಿದ ಎನ್‌ಟಿಎ ಎರಡಕ್ಕೂ ಅಂಕ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟು ದೆಹಲಿ ಐಐಟಿಯ ಮೂವರು ತಜ್ಞರ ಅಭಿಪ್ರಾಯ ಕೇಳಿತು. ಸರಿ ಉತ್ತರ ಒಂದೇ ಎಂದು ಅವರು ಹೇಳಿದರು. ಇನ್ನೊಂದು ಉತ್ತರ ಗುರುತು ಮಾಡಿದ್ದವರು 4.2 ಲಕ್ಷ ಮಕ್ಕಳು. ಸಿಕ್ಕಿದ್ದ 4 ಅಂಕ ಹೋಯಿತು, ಮೇಲಿನಿಂದ ತಪ್ಪು ಉತ್ತರಕ್ಕೆ 1 ಅಂಕ ಕಡಿತ. ಒಟ್ಟು 5. 720ಕ್ಕೆ 720 ತೆಗೆದಿದ್ದವರು 61 ಜನ ಇದ್ದರು, ಜುಲೈ ಕೊನೆಗೆ ಪರಿಷ್ಕೃತ ಪಟ್ಟಿ ಬಂದಾಗ 17 ಜನ ಉಳಿದರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಅಕ್ಕನ ಹಳೆಯ ಪುಸ್ತಕದಲ್ಲಿ ಓದಿದ ಮಗು, ಪೇಟೆಯಲ್ಲಿ ಹೊಸ ಪುಸ್ತಕ ಕೊಂಡು ಓದಿದ ಮಗು. ಇಬ್ಬರೂ ಪುಸ್ತಕದಲ್ಲಿದ್ದ ಸಾಲನ್ನು ಸರಿಯಾಗಿಯೇ ನೆನಪಿಟ್ಟುಕೊಂಡಿದ್ದರು. ಒಬ್ಬರಿಗೆ ಸೀಟು ಬಂತು, ಒಬ್ಬರಿಗೆ ತಪ್ಪಿತು ಎಂದಾದರೆ ಯಾರು ಒಳ್ಳೆಯ ಡಾಕ್ಟರ್ ಆಗುತ್ತಾರೆ ಎಂದು ಆ 5 ಅಂಕ ಹೇಳುತ್ತದಾ? 180 ಪ್ರಶ್ನೆಯ ಪರೀಕ್ಷೆಯನ್ನು ಅದೇ ಮಗು ಮರುದಿನ ಇನ್ನೊಂದು ಪ್ರಶ್ನೆಪತ್ರಿಕೆಯಲ್ಲಿ ಬರೆದರೆ ಹತ್ತು ಹದಿನೈದು ಅಂಕ ಆಚೀಚೆ ಆಗುವುದು ಸಹಜ. ಯಾವ ಶಿಕ್ಷಕನಿಗೂ ಇದು ಗೊತ್ತು. 300 ತೆಗೆದವನಿಗೂ 650 ತೆಗೆದವನಿಗೂ ಇರುವ ಅಂತರ ನಿಜ. 640ಕ್ಕೂ 645ಕ್ಕೂ ಇರುವ ಅಂತರಕ್ಕೆ ಅಂಥ ಬೆಲೆ ಇಲ್ಲ. ಆದರೆ ಗೆರೆ ಎಲ್ಲಿಯಾದರೂ ಎಳೆಯಲೇಬೇಕು, ಎಳೆದಲ್ಲಿ ಆಚೆ ಈಚೆ ನಿಂತವರು ಒಂದೇ ತರದ ಮಕ್ಕಳು.

ಅಂಕ ಬದಲಾಗದೆ ರ‍್ಯಾಂಕ್ ಬದಲಾದ ವರ್ಷ

2025ರಲ್ಲಿ ಕೇರಳದ ಇಂಜಿನಿಯರಿಂಗ್ ಪ್ರವೇಶದಲ್ಲಿ ಆದದ್ದು ಇನ್ನೂ ಸ್ಪಷ್ಟ. ಕೀಮ್ ಇಂಜಿನಿಯರಿಂಗ್ ರ‍್ಯಾಂಕಿಗೆ ಪ್ರವೇಶ ಪರೀಕ್ಷೆಯ 300, ಪ್ಲಸ್ ಟುವಿನ 300, ಹೀಗೆ 600ಕ್ಕೆ ಲೆಕ್ಕ. ಬೇರೆ ಬೇರೆ ಬೋರ್ಡಿನ ಪ್ಲಸ್ ಟು ಅಂಕಗಳನ್ನು ನೇರವಾಗಿ ಹೋಲಿಸಲು ಆಗುವುದಿಲ್ಲ, ಹಾಗಾಗಿ ಒಂದು ಸೂತ್ರದಲ್ಲಿ ಹಾಕಿ ಸಮ ಮಾಡುತ್ತಾರೆ. ಹಳೆಯ ಸೂತ್ರದಿಂದ ರಾಜ್ಯ ಸಿಲಬಸ್ಸಿನ ಮಕ್ಕಳಿಗೆ ನಷ್ಟ ಎಂಬ ದೂರು ಬಹಳ ಕಾಲದಿಂದ ಇತ್ತು. ಸರಕಾರ ಸೂತ್ರ ಬದಲಿಸಿತು, ಆದರೆ ಬದಲಿಸಿದ್ದು ಪಟ್ಟಿ ಬರುವ ಹೊತ್ತಿಗೆ. ಜುಲೈ 1ಕ್ಕೆ ರ‍್ಯಾಂಕ್ ಬಂತು. ಜುಲೈ 9ಕ್ಕೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಮರುದಿನ ಸರಕಾರದ ಮೇಲ್ಮನವಿಯೂ ಬಿತ್ತು. ಹಳೆಯ ಸೂತ್ರದಂತೆ ಹೊಸ ಪಟ್ಟಿ ಬಂದಾಗ ಒಂದನೇ ರ‍್ಯಾಂಕಿನಲ್ಲಿದ್ದ ವಿದ್ಯಾರ್ಥಿ 7ನೆಯವನಾದ. ಕೆಳಗೆ ಸಾವಿರಾರು ರ‍್ಯಾಂಕುಗಳ ಏರುಪೇರು.

ಆ ಹತ್ತು ದಿನದಲ್ಲಿ ಯಾವ ಮಗುವಿನ ಉತ್ತರಪತ್ರಿಕೆಯಲ್ಲೂ ಒಂದು ಗೀಟು ಬದಲಾಗಿರಲಿಲ್ಲ. ನಮ್ಮ ಜಿಲ್ಲೆಯ ಮಕ್ಕಳಲ್ಲಿ ರಾಜ್ಯ ಸಿಲಬಸ್ಸಿನವರೇ ಜಾಸ್ತಿ, ಹಾಗಾಗಿ ಪೆಟ್ಟು ನಮ್ಮ ಮನೆಗಳಿಗೂ ಬಿತ್ತು. ಸೂತ್ರ ಯಾವುದು ಸರಿ ಎಂಬುದನ್ನು ಚರ್ಚೆ ಮಾಡಬಹುದು. ಅದನ್ನು ಅರ್ಜಿ ಕರೆಯುವ ಮೊದಲೇ ನಿರ್ಧರಿಸಬೇಕು ಎಂಬುದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಮಕ್ಕಳ ನಿದ್ದೆ ಕೆಡಿಸುವ ಹಕ್ಕು ಯಾವ ಇಲಾಖೆಗೂ ಇಲ್ಲ.

ಗಡಿಯ ಮಕ್ಕಳಿಗೆ ಮಾತ್ರ ಇರುವ ಗೆರೆಗಳು

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಕಡೆಯ ಮಕ್ಕಳಿಗೂ ಸೇರಿದ ಮಾತು. ನಮ್ಮ ಕಡೆಯವರಿಗೆ ಇದರ ಮೇಲೆ ಇನ್ನಷ್ಟು ಗೆರೆಗಳಿವೆ. ಇವನ್ನು ತಿಳಿಯದೆ ಸೀಟು ಕಳೆದುಕೊಳ್ಳುವವರಿದ್ದಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೇಂದ್ರ ಸರಕಾರದ ಇಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳನ್ನು ನೋಡಿ. ಮಂಜೇಶ್ವರದ ಮಗುವಿಗೆ ಸುರತ್ಕಲ್‌ನ ಎನ್‌ಐಟಿಕೆ ಮಂಗಳೂರು ದಾಟಿದರೆ ಸಿಕ್ಕಿತು. ಕಲ್ಲಿಕೋಟೆಯ ಎನ್‌ಐಟಿಗೆ ರೈಲಿನಲ್ಲಿ ಗಂಟೆಗಟ್ಟಲೆ ಹೋಗಬೇಕು. ಆದರೆ ಎನ್‌ಐಟಿಗಳಲ್ಲಿ ಅರ್ಧ ಸೀಟು ಅದೇ ರಾಜ್ಯದವರಿಗೆ, ಅರ್ಧ ಹೊರಗಿನವರಿಗೆ. ಹೊರಗಿನವರ ಅರ್ಧದಲ್ಲಿ ಇಡೀ ದೇಶದ ಪೈಪೋಟಿ. ಯಾವ ರಾಜ್ಯದವರು ಎಂದು ನೋಡುವುದು ಹನ್ನೆರಡನೆಯ ತರಗತಿ ಎಲ್ಲಿ ಪಾಸಾಗಿದ್ದೀರಿ ಎಂಬುದನ್ನು. ಉಪ್ಪಳದಲ್ಲಿ ಪ್ಲಸ್ ಟು ಮಾಡಿದವನಿಗೆ ಕಲ್ಲಿಕೋಟೆ ತವರು, ಸುರತ್ಕಲ್ ಪರರಾಜ್ಯ. ಪಕ್ಕದ ಮನೆಯ ಹುಡುಗ ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಪಿಯುಸಿ ಮಾಡಿದರೆ ಅವನಿಗೆ ಇದು ಉಲ್ಟಾ. ಇಬ್ಬರಿಗೂ ಒಂದೇ ರ‍್ಯಾಂಕ್ ಬಂದರೂ ಒಬ್ಬನಿಗೆ ಸುರತ್ಕಲ್ ಸಿಕ್ಕಿ, ಇನ್ನೊಬ್ಬನಿಗೆ ಸಿಗದೆ ಹೋಗಬಹುದು. ಈ ನಿರ್ಧಾರವನ್ನು ಮನೆಯವರು ಮಾಡಿರುವುದು ಮಗುವಿಗೆ ಹದಿನೈದು ವರ್ಷ ಇರುವಾಗ, ಹೆಚ್ಚಾಗಿ ಬಸ್ಸು, ಹಾಸ್ಟೆಲ್, ಫೀಸು ನೋಡಿ.

ಮೆಡಿಕಲ್‌ಗೆ ಬಂದರೆ ನಿಯಮ ಬೇರೆ. ಸರಕಾರಿ ಕಾಲೇಜುಗಳ ಶೇಕಡ 15 ಸೀಟು ಅಖಿಲ ಭಾರತ ಕೋಟಾ, ಉಳಿದ 85 ರಾಜ್ಯದ್ದು. ಅಲ್ಲಿ ಮೂಲ ನಿವಾಸದ ದಾಖಲೆ ಮುಖ್ಯ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದು, 50 ಎಂಬಿಬಿಎಸ್ ಸೀಟಿಗೆ ಅನುಮತಿ ಸಿಗುವಾಗ 2025 ಆಯಿತು. ಈ ನಡುವಿನ ವರ್ಷಗಳಲ್ಲಿ ನೀಟ್ ಬರೆದ ಮಕ್ಕಳ ಒಂದು ತಲೆಮಾರೇ ಈ ಜಿಲ್ಲೆಯಿಂದ ದಾಟಿ ಹೋಯಿತು. ನಮ್ಮ ಮಕ್ಕಳಿಗೆ ಸೀಟು ಸಿಗಲಿಲ್ಲ ಎನ್ನುವಾಗ ಇದನ್ನೂ ಸೇರಿಸಿ ಹೇಳಬೇಕು.

ಕರ್ನಾಟಕದ ಕಡೆ ಒಂದು ಬಾಗಿಲು ಉಂಟು, ಬಹಳ ಮಂದಿಗೆ ಗೊತ್ತಿಲ್ಲ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ, ಪ್ರವೇಶದಲ್ಲಿ ಅರ್ಹತೆಯ ಪ್ರತ್ಯೇಕ ಕಲಮು ಇದೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳೂ ಅದರಲ್ಲಿವೆ. ಮನೆಮಾತು ಕನ್ನಡವೋ ತುಳುವೋ ಆಗಿದ್ದರೆ ಈ ಕಲಮಿನಡಿ ಅರ್ಜಿ ಹಾಕಬಹುದು. ವಾಸದ, ಓದಿನ ದಾಖಲೆ ಬೇಕು. ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ಅದೇನೂ ಕಷ್ಟವಲ್ಲ. ಕಷ್ಟವಾಗುವುದು ಗೊತ್ತಾಗುವಾಗ ಅರ್ಜಿಯ ದಿನ ಮುಗಿದಿರುವುದು.

ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ, ಆದರೆ ಸಿಗುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಮಗುವಿಗೆ ಕನ್ನಡದಲ್ಲಿ ಬೇಕಿದ್ದರೆ ಅರ್ಜಿ ಹಾಕುವಾಗಲೇ ಮಂಗಳೂರಿನಂಥ ಊರನ್ನು ಆರಿಸಬೇಕು. ಹತ್ತರವರೆಗೆ 'ವಿದ್ಯುತ್ ಕಾಂತೀಯ ಪ್ರೇರಣೆ' ಎಂದು ಕನ್ನಡದಲ್ಲಿ ಕಲಿತವಳು ಪ್ಲಸ್ ವನ್‌ಗೆ ಬಂದ ಮೊದಲ ದಿನವೇ ಅದನ್ನು ಇಂಗ್ಲಿಷ್ ಪುಸ್ತಕದಲ್ಲಿ ನೋಡುತ್ತಾಳೆ. ಟೀಚರ್ ವಿವರಿಸುವುದು ಮಲಯಾಳದಲ್ಲಿ. ಮನೆಯಲ್ಲಿ ತುಳು ಅಥವಾ ಹವ್ಯಕ. ಎರಡು ವರ್ಷದ ಪ್ಲಸ್ ಟುವಿನಲ್ಲಿ ಮೊದಲ ಆರು ತಿಂಗಳು ಮಾತು ಹಿಡಿಯುವುದಕ್ಕೇ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮೇಲೆ ಅವಳು ಎಲ್ಲರ ಜೊತೆ ಒಂದೇ ಪಟ್ಟಿಯಲ್ಲಿ ನಿಲ್ಲುತ್ತಾಳೆ. ಅವಳ ರ‍್ಯಾಂಕ್ ನೋಡುವಾಗ ಇದನ್ನು ಮರೆಯಬಾರದು.

ಆಪ್ಶನ್ ಕೊಡುವಾಗ

ರ‍್ಯಾಂಕ್ ನಮ್ಮ ಕೈ ಮೀರಿದ್ದು. ಆಪ್ಶನ್ ಪಟ್ಟಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುವ ಪಟ್ಟಿ, ಪೂರ್ತಿ ನಮ್ಮ ಕೈಯಲ್ಲಿದೆ. ಅಲ್ಲೇ ತುಂಬ ಜನ ಎಡವುವುದು. ಹೋದ ಜೂನಿನಲ್ಲಿ ಆನ್‌ಲೈನ್ ಅರ್ಜಿ ಹಾಕುವ ಅಕ್ಷಯ ಕೇಂದ್ರದಲ್ಲಿ ಒಬ್ಬರು ತಾಯಿ ಸಿಕ್ಕಿದರು. ಮಗಳು ಪಕ್ಕದಲ್ಲಿ ಕೂತಿದ್ದಳು, ಕೈಯಲ್ಲಿ ಕಾಲೇಜುಗಳ ಹೆಸರು ಬರೆದ ಹಾಳೆ. ಮೊದಲ ಸಾಲನ್ನು ಹೊಡೆದು ಹಾಕಿದ್ದರು.

'ಇದು ಯಾಕೆ ತೆಗೆದದ್ದು?' ಎಂದು ಕೇಳಿದೆ.

'ಅಷ್ಟು ದೊಡ್ಡ ಕಾಲೇಜು ಮೊದಲಿಗೇ ಹಾಕಿದರೆ ಅದೂ ಸಿಕ್ಕದೆ ಇದೂ ಹೋಗುವುದಿಲ್ವಾ, ಮಾಸ್ಟ್ರೇ? ಸಿಗುವಂಥದ್ದೇ ಮೊದಲು ಹಾಕು ಅಂತ ಎಲ್ಲ ಹೇಳ್ತಾರೆ.'

'ಇಲ್ಲ ಅಕ್ಕ, ಹಾಗೆ ಹೋಗುವುದಿಲ್ಲ. ಇವಳಿಗೆ ಎಲ್ಲಕ್ಕಿಂತ ಇಷ್ಟ ಯಾವುದು?'

ಮಗಳು ಹೊಡೆದು ಹಾಕಿದ ಸಾಲನ್ನೇ ತೋರಿಸಿದಳು.

ರ‍್ಯಾಂಕ್ ಪ್ರಕಾರ ಸೀಟು ಹಂಚುವಾಗ ಕಂಪ್ಯೂಟರ್ ಮಾಡುವ ಕೆಲಸ ಇಷ್ಟು. ಒಂದನೇ ರ‍್ಯಾಂಕಿನಿಂದ ಕೆಳಗೆ ಬರುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ನೋಡುತ್ತದೆ. ಒಂದನೇ ಆಪ್ಶನ್‌ನಲ್ಲಿ ಸೀಟು ಉಳಿದಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದು, ಮೂರನೆಯದು. ನಿಮ್ಮ ನಂತರದ ರ‍್ಯಾಂಕಿನವರು ಅದೇ ಕಾಲೇಜನ್ನು ಒಂದನೇ ಆಪ್ಶನ್ ಮಾಡಿದ್ದರೂ, ನೀವು ಐದನೇ ಆಪ್ಶನ್ ಮಾಡಿದ್ದರೂ, ರ‍್ಯಾಂಕ್ ಮುಂದಿದ್ದರೆ ಮೊದಲ ಹಕ್ಕು ನಿಮ್ಮದೇ. ಹಾಗಾಗಿ ದೊಡ್ಡ ಕಾಲೇಜನ್ನು ಮೇಲೆ ಹಾಕಿದ್ದರಿಂದ ಕೆಳಗಿನದು ಕೈ ತಪ್ಪುವುದಿಲ್ಲ. ಕೆಳಗಿನದನ್ನು ಮೇಲೆ ಹಾಕಿದರೆ ಮಾತ್ರ, ಸಿಗಬಹುದಾಗಿದ್ದ ದೊಡ್ಡದು ಕೈ ತಪ್ಪುತ್ತದೆ. ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾದ ಹಿಂದೆ ಇರುವುದೂ ಇದೇ ಬಗೆಯ ಗಣಿತ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಇಬ್ಬರು 1962ರಲ್ಲಿ ಬರೆದ ಲೇಖನದಿಂದ ಅದು ಬೆಳೆದದ್ದು. ಶೇಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಧಾನದ ಗುಣವೇ ಅದು: ಮನಸ್ಸಿನಲ್ಲಿ ಇದ್ದ ಕ್ರಮವನ್ನೇ ಬರೆದವರಿಗೆ ನಷ್ಟವಿಲ್ಲ.

ಒಂದು ಎಚ್ಚರ ಮಾತ್ರ. ಹೋಗಲು ಮನಸ್ಸಿಲ್ಲದ ಕಡೆಯನ್ನು ಸುಮ್ನೆ ತುಂಬಿಸಬಾರದು. ಪ್ಲಸ್ ವನ್‌ನಲ್ಲಿ ಅಲಾಟ್‌ಮೆಂಟ್ ಬಂದ ಮೇಲೆ ಸೇರದಿದ್ದರೆ ಮುಂದಿನ ಸುತ್ತಿನಿಂದ ಹೊರಗೆ. ಒಂದನೇ ಆಪ್ಶನ್ನೇ ಸಿಕ್ಕಿದರೆ ಖಾಯಂ ಆಗಿ ಸೇರಬೇಕು. ಕೆಳಗಿನದು ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು. ಇದನ್ನು ತಿಳಿಯದೆ ಮೊದಲ ಅಲಾಟ್‌ಮೆಂಟಿನಲ್ಲಿ ಬೇಜಾರು ಮಾಡಿಕೊಂಡು ಮನೆಯಲ್ಲೇ ಕೂತ ಫುಲ್ ಎ ಪ್ಲಸ್ ಮಕ್ಕಳೂ ಇದ್ದಾರೆ. ಟ್ರಯಲ್ ಅಲಾಟ್‌ಮೆಂಟ್ ಇಟ್ಟಿರುವುದು ತಿದ್ದಿಕೊಳ್ಳಲಿಕ್ಕೆ, ಅದನ್ನು ಬಳಸಿ.

ಹೊರದೇಶಕ್ಕೆ ಅರ್ಜಿ ಹಾಕುವವರಿಗೆ ಈ ಯಾವ ಲೆಕ್ಕವೂ ಹೊಂದುವುದಿಲ್ಲ. ಅಮೆರಿಕದ ಹಾರ್ವರ್ಡ್‌ಗೆ 2023ರಲ್ಲಿ 56,937 ಅರ್ಜಿ ಬಂದಿತ್ತು, ಕರೆದದ್ದು 1,942 ಮಂದಿಯನ್ನು. ಅಲ್ಲಿ ರ‍್ಯಾಂಕ್ ಪಟ್ಟಿಯೇ ಇಲ್ಲ. ಅಂಕ, ಪ್ರಬಂಧ, ಶಿಕ್ಷಕರ ಪತ್ರ, ಶಾಲೆಯ ಹೊರಗೆ ಮಾಡಿದ್ದು ಎಲ್ಲ ನೋಡಿ, ಈ ವರ್ಷದ ತರಗತಿಯಲ್ಲಿ ಎಂತೆಂಥವರು ಇರಬೇಕು ಎಂದು ಅವರೇ ಆರಿಸುತ್ತಾರೆ. ಬೇಡ ಎಂದದ್ದಕ್ಕೆ ಕಾರಣ ಹೇಳುವುದಿಲ್ಲ. ಕಾರಣ ಇಲ್ಲದ ನಿರಾಕರಣೆಯಲ್ಲಿ ಮಕ್ಕಳು ಕಾರಣ ಹುಡುಕಿ ಸೋಲುತ್ತಾರೆ, ಅಷ್ಟು ಮಾತ್ರ ಹೇಳಬಲ್ಲೆ.

ಸೀಟು ತಪ್ಪಿದರೆ ಎಷ್ಟು ತಪ್ಪಿತು?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೆಸರುವಾಸಿ ಕಾಲೇಜಿನಲ್ಲಿ ಓದಿದವರು, ಅಲ್ಲಿ ಸೀಟು ಸಿಕ್ಕರೂ ಬೇರೆ ಕಡೆ ಓದಿದವರು, ಇವರನ್ನು ಹೋಲಿಸಿದರು. ಮುಂದೆ ಇಬ್ಬರ ಸಂಪಾದನೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ಮನೆಗಳಿಂದ ಬಂದವರಿಗೆ ಮಾತ್ರ ಆ ಕಾಲೇಜುಗಳಿಂದ ಲಾಭ ಆಗಿತ್ತು. 2023ರಲ್ಲಿ ರಾಜ್ ಚೆಟ್ಟಿ ಮತ್ತು ಅವರ ಜೊತೆಗಾರರು ಮಾಡಿದ ದೊಡ್ಡ ಅಧ್ಯಯನದಲ್ಲೂ ಸರಾಸರಿ ಸಂಪಾದನೆಯ ಮಟ್ಟಿಗೆ ಅಂತರ ಸಣ್ಣದೇ. ತೀರಾ ಮೇಲಿನ ಹುದ್ದೆಗಳಿಗೆ ತಲುಪುವ ಸಾಧ್ಯತೆಯಲ್ಲಿ ಮಾತ್ರ ಹೆಸರಿನ ಬಲ ಕಂಡಿತು.

ನಮ್ಮಲ್ಲಿ ಇದನ್ನು ಎರಡಾಗಿ ನೋಡಬೇಕು. ಡಿಗ್ರಿಯೇ ಪರವಾನಗಿ ಆಗಿರುವ ಕಡೆ, ಅಂದರೆ ಡಾಕ್ಟರ್ ಆಗಬೇಕಿದ್ದರೆ, ಸೀಟು ಬೇಕೇ ಬೇಕು. ಅಲ್ಲಿ ಸೀಟು ತಪ್ಪಿದ್ದು ದೊಡ್ಡ ನಷ್ಟ, ಅದನ್ನು ಸಣ್ಣದು ಎಂದು ಹೇಳಿ ಮಗುವನ್ನು ಸಮಾಧಾನ ಮಾಡಬಾರದು. ಮಗುವಿಗೆ ಸುಳ್ಳು ಗೊತ್ತಾಗುತ್ತದೆ. ಆದರೆ ಗಣಿತ, ಅರ್ಥಶಾಸ್ತ್ರ, ಭಾಷೆ, ಕಂಪ್ಯೂಟರ್ ಇಂಥ ಕಡೆ ತಪ್ಪಿದ್ದು ಒಂದು ಕಟ್ಟಡ ಮಾತ್ರ, ವಿದ್ಯೆ ಅಲ್ಲ. ವಿದ್ಯಾನಗರದ ಕಾಸರಗೋಡು ಸರಕಾರಿ ಕಾಲೇಜು 1957ರಿಂದ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜಿದೆ, ಪೊವ್ವಲಿನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿದೆ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದ್ದು, ಅಲ್ಲಿ ಕನ್ನಡ ವಿಭಾಗವೂ ಉಂಟು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಕಾಲೇಜನ್ನು ಕೈಲಾಗದವರ ಕಾಲೇಜು ಎಂದು ಮಾತಾಡುವುದು ನಮ್ಮ ಊರಿನ ಕೆಟ್ಟ ಅಭ್ಯಾಸ. ಅದನ್ನು ಕೇಳಿಸಿಕೊಳ್ಳುವ ಮಗು ಅಲ್ಲಿಗೆ ತಲೆ ತಗ್ಗಿಸಿಕೊಂಡೇ ಹೋಗುತ್ತದೆ.

ಯಾವಾಗಲೂ ಮೊದಲು ಬಂದ ಮಗುವಿಗೆ ಈ ಪೆಟ್ಟು ಜಾಸ್ತಿ ನೋಯುತ್ತದೆ. ಸೋತು ಅಭ್ಯಾಸ ಇಲ್ಲ. ಹತ್ತು ವರ್ಷ ಎಲ್ಲರೂ ಅದನ್ನು ಕರೆದದ್ದೇ ರ‍್ಯಾಂಕಿನ ಹೆಸರಿನಿಂದ. ಹಾಗಾಗಿ ಮೊದಲ ವಾರದಲ್ಲಿ ಮನೆಯವರು ಮಾಡಬೇಕಾದ್ದು ಕಡಿಮೆ ಮಾತಾಡುವುದು. ಯಾರದೋ ಮಗನ ಅಂಕ ಹೇಳುವುದು ಬೇಡ. ಕೋಚಿಂಗಿಗೆ ಕಟ್ಟಿದ ಫೀಸಿನ ಲೆಕ್ಕವೂ ಆಗ ಬೇಡ. ಮದುವೆ, ಪೂಜೆ, ಭೂತಕೋಲ ಎಂದು ಹೋದಲ್ಲಿ 'ಎಷ್ಟು ಬಂತು?' ಎಂದು ಕೇಳುವ ನೆಂಟರಿಗೆ ದೊಡ್ಡವರೇ ಉತ್ತರ ಕೊಡಲಿ. ಊಟ ಬಿಡುವುದು, ನಿದ್ದೆ ಬಿಡುವುದು, ಗೆಳೆಯರ ಫೋನ್ ತೆಗೆಯದಿರುವುದು, ತಾನು ಯಾರಿಗೂ ಬೇಡ ಎಂಬಂಥ ಮಾತು, ಇವು ಕಂಡರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ನೇರವಾಗಿ ಕೇಳಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕೇರಳದ ದಿಶಾ ಸಹಾಯವಾಣಿ 1056.

ಇನ್ನು ರಿಪೀಟ್ ಮಾಡಬೇಕಾ ಎಂಬ ಪ್ರಶ್ನೆ. ಇದನ್ನು ಮನೆಯ ಮರ್ಯಾದೆಯ ಮೇಲೆ ನಿರ್ಧರಿಸುವುದಕ್ಕಿಂತ ಮಗುವಿನ ಉತ್ತರಗಳ ಮೇಲೆ ನಿರ್ಧರಿಸಿ. ಉತ್ತರಗಳ ಅಧಿಕೃತ ಕೀ ತೆಗೆದು ಮಗುವಿನ ಜೊತೆ ಒಂದು ಸಂಜೆ ಕೂತುಕೊಳ್ಳಿ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಗುರುತು ಮಾಡಿ: ಇದು ಓದಿಯೇ ಇರಲಿಲ್ಲ, ಇದು ಗೊತ್ತಿದ್ದೂ ಅವಸರದಲ್ಲಿ ತಪ್ಪಿತು, ಇದು ಸಮಯ ಸಾಲದೆ ಬಿಟ್ಟದ್ದು. ಇಡೀ ಪಾಠಗಳೇ ಬಿಟ್ಟು ಹೋಗಿದ್ದರೆ, ಪ್ಲಸ್ ವನ್‌ನ ಭಾಷೆಯ ತೊಡಕಿನಲ್ಲಿ ಆ ಭಾಗ ತಲೆಗೆ ಹತ್ತದೆ ಹೋಗಿದ್ದರೆ, ಒಂದು ವರ್ಷದಲ್ಲಿ ಅಂಕ ಚೆನ್ನಾಗಿ ಏರುವ ಸಾಧ್ಯತೆ ಇದೆ. ಎಲ್ಲ ಓದಿ ಮುಗಿಸಿ, ನಾಲ್ಕೈದು ಪ್ರಶ್ನೆಯಲ್ಲಿ ಗೆರೆಯ ಈಚೆ ಉಳಿದ ಮಗುವಿಗೆ ಇನ್ನೊಂದು ವರ್ಷದ ನಂತರವೂ ಅದೇ ಗೆರೆ, ಅದೇ ನೂಕುನುಗ್ಗಲು. ಅಂಥ ಮಗು ರಿಪೀಟ್ ಮಾಡುವುದಾದರೆ, ಒಂದೇ ಸಲಕ್ಕೆ ಎಂದು ಮೊದಲೇ ಮಾತಾಡಿಕೊಳ್ಳಿ. ಕೇರಳದ ಪಟ್ಟಿಯ ಜೊತೆಗೆ ಗಡಿನಾಡ ಕಲಮಿನಡಿ ಕೆಇಎಗೂ ಅರ್ಜಿ ಹಾಕಿ. ಅದಕ್ಕೆ ಬೇಕಾದ ವಾಸದ ಪ್ರಮಾಣಪತ್ರ, ಶಾಲೆಯ ಓದಿನ ಪತ್ರ ಮಾಡಿಸಿಕೊಳ್ಳಲು ನಮ್ಮ ಕಚೇರಿಗಳಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಡಿಸೆಂಬರ್ ರಜೆಯಲ್ಲೇ ಶುರುಮಾಡಿದರೆ ಅರ್ಜಿಯ ಹೊತ್ತಿಗೆ ಕೈಯಲ್ಲಿರುತ್ತದೆ.